ಮಾವ ಎರಕ ಹೊಯ್ದ ಗುಂಡು

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೋವಿ ಇಟ್ಟುಕೊಂಡವನೊಬ್ಬ ಹಳೆಯ ನೆನಪು ಬರೆಯಲು ಕೂತರೆ ಓದುವವರು ಹುಲಿಯ ಎದುರು ಮೀಸೆ ತಿರುವಿದ ಕಥೆಯನ್ನು ಕಾಯುತ್ತಾರೆ. ನನಗೆ ಆಗ ತಿರುವುವಷ್ಟು ಮೀಸೆಯೂ ಬಂದಿರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಕಕ್ಕಿಂಜೆಯಿಂದ ಒಳಗೆ, ಘಾಟಿಯ ಬುಡದಲ್ಲಿ ನಮ್ಮ ಮನೆ. ನಮ್ಮದು ಅಳಿಯಸಂತಾನ. ಗದ್ದೆ, ದೈವದ ಚಾಕರಿ, ಊರಿನ ಮರ್ಯಾದೆ ಎಲ್ಲವೂ ಸೋದರಮಾವನಿಂದ ಅಳಿಯನಿಗೆ ಇಳಿದು ಬರುವಂಥದ್ದು. ಮಾವನ ಎರಡೂ ಕಣ್ಣಿಗೆ ಪೊರೆ ಬಂದು, ಎದುರು ನಿಂತವರು ಬರೀ ನೆರಳಾಗಿ ಕಾಣತೊಡಗಿದಾಗ ಮನೆಯ ಕೋವಿಯ ಲೈಸೆನ್ಸು ನನ್ನ ಹೆಸರಿಗೆ ಬಂತು. ಬೆಳ್ತಂಗಡಿಯ ಕಚೇರಿಯಲ್ಲಿ ರುಜು ಹಾಕುವಾಗ ನಾನು ಕೋವಿಯಿಂದ ದೂರ ಸರಿದು ನಿಂತದ್ದನ್ನು ಕಂಡು ಅಲ್ಲಿಯ ಗುಮಾಸ್ತರು ನಕ್ಕಿದ್ದರು.

ಕೋವಿಗಿಂತ ಹೆಚ್ಚಿನ ಹೆದರಿಕೆ ನನಗೆ ಮಾವನದು. ಅವರು ಕೈ ಮಾಡಿದವರಲ್ಲ. ಮಾತು ಕೂಡ ಕಡಿಮೆ. ಆದರೆ ಅವರು ಜಗಲಿಯಲ್ಲಿ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಅಂಗಳದಲ್ಲಿ ಭತ್ತ ಬಡಿಯುತ್ತಿದ್ದವರ ಕೈ ಅರ್ಧದಲ್ಲಿ ನಿಲ್ಲುತ್ತಿತ್ತು. ಅವರು ಹೇಳಿದ್ದಕ್ಕೆ ಎದುರು ಹೇಳಿದವರನ್ನು ನಾನು ಕಂಡಿರಲಿಲ್ಲ. ಕಣ್ಣು ಹೋದ ಮೇಲೆ ಆ ಹೆದರಿಕೆ ನನಗೆ ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಅವರು ಈಗ ನಮ್ಮ ಉಸಿರನ್ನು ಕೂಡ ಕೇಳಿಸಿಕೊಳ್ಳುತ್ತಿದ್ದರು.

ಆ ವರ್ಷ ಸುಗ್ಗಿ ಬೆಳೆಯ ಹೊತ್ತಿಗೆ ಒಂದು ಒಂಟಿ ಹಂದಿ ಗದ್ದೆಗೆ ಇಳಿಯತೊಡಗಿತು. ಗೆಣಸಿನ ಸಾಲನ್ನೆಲ್ಲ ಮಗುಚಿ ಹಾಕಿತು. ಕಾವಲಿಗೆ ನಿಂತಿದ್ದ ನಮ್ಮ ಆಳಿನ ತೊಡೆಯನ್ನು ಮಂಡಿಯಿಂದ ಮೇಲಿನವರೆಗೆ ಸೀಳಿತು. ಅವನನ್ನು ಕಂಬಳಿಯಲ್ಲಿ ಹೊತ್ತು ಬೆಳ್ತಂಗಡಿಗೆ ಒಯ್ಯುವಾಗ ಒಂದು ತುದಿ ಹಿಡಿದವನು ನಾನು. ಆ ಗಾಯವನ್ನು ಕಂಡ ಮೇಲೆ ನನಗೆ ಊಟ ಸೇರಲಿಲ್ಲ. ನೆರೆಮನೆಯವರು ದೊಡ್ಡ ಚರೆ, ಅಂದರೆ ಸೀಸದ ಕಾಳು, ತುಂಬಿ ಹೊಡೆದರೂ ಹಂದಿ ಮೈ ಕೊಡವಿ ಹೋಯಿತಂತೆ. ಕೆಡ್ಡಸದ ಬೇಟೆಗೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು.

ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವಳೆಂದು ನಾವು ನಂಬುವ ದಿನಗಳು. ಗುದ್ದಲಿ, ನೇಗಿಲು ಮುಟ್ಟುವಂತಿಲ್ಲ. ಹೆಂಗಸರು ಹುರಿದ ಅಕ್ಕಿಗೆ ಬೆಲ್ಲ ಕಾಯಿ ಸೇರಿಸಿ ಪುಡಿ ಮಾಡುತ್ತಾರೆ, ಗಂಡಸರು ಒಟ್ಟಾಗಿ ಬೇಟೆಗೆ ಹೋಗುತ್ತಾರೆ. ನಮ್ಮ ಮನೆಗೆ ಆ ಬೇಟೆಯಲ್ಲಿ ಒಂದು ಕ್ರಮ ಇತ್ತು. ಹಿಂದಿನ ದಿನ ಮಾವ ಸೀಸ ಕರಗಿಸಿ, ಹಿರಿಯರ ಕಾಲದ ಅಚ್ಚಿನಲ್ಲಿ ಗುಂಡುಗಳನ್ನು ಎರಕ ಹೊಯ್ಯುವುದು. ಅವನ್ನು ದೈವದ ಮಂಚದ ಮುಂದೆ ಇಟ್ಟು, ಕುಂಕುಮ ಹಚ್ಚಿ, ಬೆಳಿಗ್ಗೆ ಊರಿನ ಪ್ರತಿ ಕೋವಿಯವನ ಕೈಗೂ ಒಂದೊಂದು ಕೊಡುವುದು. ಬೇಟೆಯ ಮೊದಲ ಈಡು, ಅಂದರೆ ಮೊದಲ ಹೊಡೆತ, ಅದೇ ಗುಂಡಿನದು ಆಗಬೇಕು. ಅದು ಪ್ರಸಾದದ ಹಾಗೆ. ಬೇಡವೆನ್ನುವ ಪ್ರಶ್ನೆಯೇ ಇಲ್ಲ.

ಊರಿನಲ್ಲಿ ಇದ್ದವೆಲ್ಲ ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. ನಮ್ಮ ಮನೆಯದೂ ಹಾಗೆಯೇ ಇತ್ತು. ಅದರ ಮರ ಸೀಳಿ ಹೋದ ಮೇಲೆ ಮಾವ ಅದನ್ನು ಕಚೇರಿಗೆ ಒಪ್ಪಿಸಿ, ಹಿಂದಿನ ಮಳೆಗಾಲಕ್ಕೆ ಮೊದಲು ಹಿಂದಿನಿಂದ ತೋಟೆ ಹಾಕುವ ಒಂಟಿನಳಿಗೆಯ ಕೋವಿ ಕೊಂಡಿದ್ದರು. ಅದರಲ್ಲಿ ಒಂದೆರಡು ಸಲ ಮಂಗಗಳ ಮೇಲೆ ಸಣ್ಣ ಚರೆ ಹಾರಿಸುವಷ್ಟರಲ್ಲಿ ಅವರ ಕಣ್ಣು ಹೋಯಿತು. ನಮ್ಮನ್ನು ಬಿಟ್ಟರೆ ತೋಟೆ ಕೋವಿ ಇದ್ದದ್ದು ಅಕ್ಕನ ಗಂಡನ ಹತ್ತಿರ ಮಾತ್ರ. ಬಾವನ ಮನೆ ಕಕ್ಕಿಂಜೆ ಪೇಟೆಯ ಬಳಿ. ಅವರು ನಮಗಿಂತ ಕೆಲವು ವರ್ಷ ಮೊದಲೇ ಅಂಥದ್ದೇ ಕೋವಿ ಕೊಂಡಿದ್ದರು.

"ಈ ಹಂದಿಗೆ ಚರೆ ಸಾಲದು," ಎಂದರು ಮಾವ. "ಮೊದಲ ಈಡಿಗೆ ಮನೆಯ ಗುಂಡು ಉಂಟು. ಎರಡನೆಯದಕ್ಕೆ ಬಂಟ್ವಾಳಕ್ಕೆ ಹೋಗಿ ಒಂಟಿ ಗುಂಡಿನ ತೋಟೆ ತಾ. ಕೋವಿಯನ್ನೂ ಒಮ್ಮೆ ತೋರಿಸಿಕೊಂಡು ಬಾ."

ಬೇಟೆಯ ಹಿಂದಿನ ದಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮೊಣಕಾಲುಗಳ ನಡುವೆ ಇಟ್ಟುಕೊಂಡು ಹೋದೆ. ಬಂಟ್ವಾಳ ಮುಟ್ಟುವವರೆಗೆ ಅದು ತಾನಾಗಿಯೇ ಹಾರಿಬಿಟ್ಟರೆ ಎಂಬ ಯೋಚನೆ. ತೋಟೆ ಇಲ್ಲದ ಕೋವಿ ಹಾರುವುದಿಲ್ಲವೆಂದು ಗೊತ್ತಿದ್ದೂ ಅದರ ಮೂತಿಯನ್ನು ಯಾರ ಕಡೆಗೂ ತಿರುಗಿಸದೆ ಕೂರಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಬಂಟ್ವಾಳದ ಕೋವಿ ಅಂಗಡಿಯವರು ಮಾತುಗಾರರು. ಲೈಸೆನ್ಸು ನೋಡಿ, ಕೋವಿ ಮಡಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.

"ಇದರ ಬಾಯಿ ಸಪೂರ. ಚೋಕು ಉಂಟು," ಎಂದರು. "ಒಳಗೆ ಅಗಲ, ತುದಿಗೆ ಬರುವಾಗ ಇಕ್ಕಟ್ಟು. ಚರೆ ಚದುರದೆ ದೂರ ಹೋಗಲಿ ಅಂತ ಹಾಗೆ ಮಾಡುವುದು. ಚರೆಗೆ ಇದು ಒಳ್ಳೆಯದು. ಗುಂಡಿಗೆ ಜಾಗ್ರತೆ ಬೇಕು."

"ಎಂತ ಜಾಗ್ರತೆ?"

ಅವರು ಎರಡು ತೋಟೆಗಳನ್ನು ಬಿಚ್ಚಿ ಒಳಗಿನದನ್ನು ಮೇಜಿನ ಮೇಲೆ ಇಟ್ಟರು. ಒಂದು ಗೋಲಿಯಂಥ ಉರುಟು ಗುಂಡು. ಇನ್ನೊಂದು ಮೋಟು ಗುಂಡು. ಮೈಮೇಲೆ ಓರೆಯಾದ ಗೀರುಗಳು, ಹಿಂದಿನಿಂದ ನೋಡಿದರೆ ಸಣ್ಣ ಬಟ್ಟಲಿನ ಹಾಗೆ ಟೊಳ್ಳು. ಉರುಟಿನದನ್ನು ನಳಿಗೆಯ ಹಿಂದಿನಿಂದ ಹಾಕಿದರು. ಅದು ಗಡಗಡ ಉರುಳಿ ಮೂತಿಯಿಂದ ಅವರ ಅಂಗೈಗೆ ಬಿತ್ತು.

"ಇದು ಕಂಪೆನಿಯವರು ಬೇಕಂತಲೇ ಸಣ್ಣ ಮಾಡಿದ್ದು. ದಾಟುತ್ತದೆ. ಆದರೆ ಒಳಗೆ ಅಲುಗಾಡಿಕೊಂಡು ಹೋಗುವುದರಿಂದ ಗುರಿಯ ಗ್ಯಾರಂಟಿ ನಾನು ಕೊಡುವುದಿಲ್ಲ. ಗೀರಿನದ್ದು ನಳಿಗೆ ತುಂಬ ಬರುತ್ತದೆ. ಹೊಟ್ಟೆ ಟೊಳ್ಳು, ಮೈಯೆಲ್ಲ ಮೆತ್ತಗೆ ಸೀಸ. ಇಕ್ಕಟ್ಟಿನಲ್ಲಿ ಮುದುಡಿಕೊಂಡು ದಾಟುತ್ತದೆ. ತಲೆ ಭಾರ ಆದ ಕಾರಣ ನೆಟ್ಟಗೆ ಹೋಗುತ್ತದೆ."

"ನಳಿಗೆಯ ಬಾಯಿಗಿಂತ ದೊಡ್ಡದಾದ ಗಟ್ಟಿ ಉರುಟು ಗುಂಡು ಹಾಕಿದರೆ?"

ಅವರು ನನ್ನ ಮುಖ ನೋಡಿದರು. "ಅದು ಮುದುಡುವುದಿಲ್ಲ. ಹಿಂದಿನಿಂದ ಬೆಂಕಿ ನೂಕುತ್ತದೆ, ಮುಂದೆ ದಾರಿ ಇಲ್ಲ. ಮತ್ತೆ ಎಂತ ಆಗುತ್ತದೆ, ನೀವೇ ಹೇಳಿ. ಮೂಡುಬಿದಿರೆಯಲ್ಲಿ ಒಬ್ಬರಿಗೆ ಆಗಿದೆ." ಮನೆಯ ಗುರುತು ಹೇಳಿದರು. ನನ್ನ ಚಿಕ್ಕಮ್ಮನ ಮನೆಯ ಹಿಂದಿನ ಬೀದಿ.

ನಾನು ಗೀರಿನ ಗುಂಡಿನ ತೋಟೆಗಳನ್ನೇ ಆರಿಸಿದೆ. ಗುರಿಯ ಮೇಲಿನ ಆಸೆಯಿಂದಲ್ಲ. ನನ್ನ ಗುರಿಯ ಮಟ್ಟ ನನಗೆ ಗೊತ್ತಿತ್ತು. ಹಂದಿ ಮೈಮೇಲೆ ಬರುವಾಗ ಎಲ್ಲಿಗೋ ಹೋಗುವ ಗುಂಡಿನ ಹಿಂದೆ ನಿಲ್ಲಲು ಧೈರ್ಯ ಇರಲಿಲ್ಲ, ಅಷ್ಟೇ. ತೋಟೆಗಳನ್ನು ಕಿಸೆಗೆ ಹಾಕಿಕೊಂಡು ನೇರ ಮನೆಗೆ ಬರಬಹುದಿತ್ತು. ಆದರೆ ಹೆದರುವವನಿಗೆ ಹೆದರಿಕೆಯ ಮೂಲವನ್ನು ಹೋಗಿ ನೋಡದೆ ಸಮಾಧಾನ ಇರುವುದಿಲ್ಲ. ಮೂಡುಬಿದಿರೆಯ ಬಸ್ಸು ಹತ್ತಿದೆ.

ಆ ಮನುಷ್ಯರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ವೀಳ್ಯದೆಲೆಯನ್ನು ತೊಡೆಯ ಮೇಲೆ ಇಟ್ಟು ಬಲಗೈಯೊಂದರಲ್ಲೇ ಸುಣ್ಣ ಸವರುತ್ತಿದ್ದರು. ಎಡಗೈಯಲ್ಲಿ ಹೆಬ್ಬೆರಳು ಇರಲಿಲ್ಲ, ಅಂಗೈಯ ಅರ್ಧವೂ ಇರಲಿಲ್ಲ. ಬಂದ ಕಾರಣ ಹೇಳಿದ್ದಕ್ಕೆ ಬೇಸರಿಸದೆ ಒಳಗಿನಿಂದ ನಳಿಗೆಯನ್ನು ತರಿಸಿದರು. ಒಲೆಯಲ್ಲಿ ಬಿರಿದ ಬಿದಿರಿನ ಹಾಗೆ ಅದರ ತುದಿ ಸೀಳಿ ಹೊರಕ್ಕೆ ಬಾಗಿತ್ತು.

"ಹಂದಿ ನನಗೆ ಎಂತದೂ ಮಾಡಲಿಲ್ಲ," ಎಂದರು. "ನಾನೇ ಮನೆಯಲ್ಲಿ ಎರಕ ಹೊಯ್ದ ಗುಂಡು ಅದು. ಹಳೆ ಕೋವಿಯ ಅಚ್ಚು. ಹೊಸ ಕೋವಿಗೆ ಹಾಕಿದೆ."

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ನಮ್ಮ ಅಚ್ಚು ಯಾವ ಕೋವಿಯದು ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಮನೆಯ ಗುಂಡು ಹೊಸ ಕೋವಿಗೆ ಹೋಗುವುದು ಇದೇ ಮೊದಲ ಕೆಡ್ಡಸ, ಹೊಡೆಯಬೇಕಾದವನು ನಾನು. ನನ್ನ ಎಡಗೈಯ ಹೆಬ್ಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡು ಮಲಗಿದ್ದೆ. ಮಾವನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು ಎಂಬುದು ಅದಕ್ಕಿಂತ ದೊಡ್ಡ ಸಂಕಟ.

ಮರುದಿನವೇ ಬೇಟೆ. ವೇಣೂರಿನ ದಾರಿಯ ಮೊದಲ ಬಸ್ಸಿಗೆ ಹೊರಟರೂ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಕಕ್ಕಿಂಜೆಯಲ್ಲಿ ಇಳಿದು, ಮನೆಗೆ ನಡೆದು ಮುಟ್ಟುವಾಗ ಬಿಸಿಲು ಏರಿತ್ತು. ಅಂಗಳ ಖಾಲಿ. ಬೇಟೆಯವರೆಲ್ಲ ಗುಡ್ಡೆ ಹತ್ತಿ ಆಗಿತ್ತು. ಕೆಡ್ಡಸಕ್ಕೆ ಬಂದಿದ್ದ ಅಕ್ಕ ಒಳಗೆ ಅಕ್ಕಿ ಹುರಿಯುತ್ತಿದ್ದಳು. ಮಾವ ಜಗಲಿಯಲ್ಲಿ ನನಗಾಗಿ ಕಾಯುತ್ತ ಕೂತಿದ್ದರು. ಅವರ ಅಂಗೈಯಲ್ಲಿ ಕುಂಕುಮ ಹಚ್ಚಿದ ಒಂದು ಗುಂಡು, ಕಣ್ಣಿಲ್ಲದಿದ್ದರೂ ಕೈಯ ಅಂದಾಜಿನಲ್ಲೇ ಹೊಯ್ದದ್ದು.

"ತಡ ಆಯಿತು. ತೋಟೆಯ ಚರೆ ತೆಗೆದು ಇದನ್ನು ಕೂರಿಸು. ಹೊರಡು," ಎಂದರು.

"ಮಾವ, ಈ ಗುಂಡು ಹೊಸ ಕೋವಿಗೆ ಆಗುವುದಿಲ್ಲ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು.

ಒಳಗೆ ಅಕ್ಕನ ಸೌಟು ನಿಂತಿತು.

"ಯಾರು ಹೇಳಿದ್ದು?"

ಬಂಟ್ವಾಳದ ಮಾತು, ಮೂಡುಬಿದಿರೆಯ ಕೈ, ಎಲ್ಲ ಹೇಳಿದೆ. ಅವರು ತುಸುವೂ ಅಲುಗಲಿಲ್ಲ. "ನನ್ನ ಮಾವ ಇದೇ ಅಚ್ಚಿನ ಗುಂಡು ಹೊಡೆದದ್ದು. ನಾನೂ ಹೊಡೆದದ್ದು. ದೈವದ ಮುಂದೆ ಇಟ್ಟ ಗುಂಡು ಕೈ ಒಡೆಯುತ್ತದಾ? ನಿನಗೆ ಹೆದರಿಕೆಯಾದರೆ ಕೋವಿ ಇಲ್ಲಿ ಕೊಡು. ನನಗೆ ಕಣ್ಣಿಲ್ಲ, ಕೈ ಉಂಟು."

ಅವರು ಹೇಳಿದರೆ ಮಾಡುವವರೇ. ಕುರುಡು ಮಾವ ಅಂಗಳದಲ್ಲಿ ನಿಂತು ಗುಡ್ಡೆಯ ಕಡೆ ಆ ಗುಂಡು ಹಾರಿಸುವುದು ನನ್ನ ಕಣ್ಣಿಗೆ ಕಟ್ಟಿತು. ಬೇರೆ ದಾರಿ ತೋಚಲಿಲ್ಲ. ಕೋವಿ ಮಡಚಿ, ಖಾಲಿ ನಳಿಗೆಯನ್ನು ಮೂತಿ ಕೆಳಗಾಗಿ ಅವರ ಮಡಿಲಿಗೆ ತಂದೆ. ಅವರ ಒಂದು ಕೈಯನ್ನು ಮೂತಿಯ ಕೆಳಗೆ ಹಿಡಿಸಿದೆ.

"ನೀವೇ ಹಾಕಿ ಮಾವ. ಬಿದ್ದರೆ ನಾನು ಇದನ್ನೇ ಹೊಡೆಯುತ್ತೇನೆ."

ಮಾವ ತಡವಿ ಗುಂಡನ್ನು ಹಿಂದಿನ ಬಾಯಿಗೆ ಬಿಟ್ಟರು. ಅದು ಉರುಳುತ್ತ ಇಳಿಯುವ ಸದ್ದು ಇಬ್ಬರಿಗೂ ಕೇಳಿಸಿತು. ಆಮೇಲೆ ಟಕ್ ಎಂದು ನಿಂತಿತು. ಮಾವನ ಅಂಗೈ ಮೂತಿಯ ಕೆಳಗೆ ಹಾಗೆಯೇ ಬಟ್ಟಲಾಗಿ ಕಾಯುತ್ತಿತ್ತು. ಅವರು ನಳಿಗೆಯನ್ನು ಅಲುಗಾಡಿಸಿದರು. ಬೀಳಲಿಲ್ಲ. ಕಿರುಬೆರಳನ್ನು ಮೂತಿಯೊಳಗೆ ತೂರಿಸಿದರು. ಬೆರಳು ಅಲ್ಲೇ ಗುಂಡನ್ನು ಮುಟ್ಟಿರಬೇಕು, ಹೊರಗೆ ತೆಗೆದಾಗ ಉಗುರಿನಲ್ಲಿ ಕುಂಕುಮ ಇತ್ತು.

ಅವರು ಸಿಟ್ಟು ಮಾಡುತ್ತಾರೆಂದು ನಾನು ಕಾದೆ. ಅವರು ಎದ್ದು ನಿಂತರು. ಆ ಮುಖದಲ್ಲಿ ಅಂಥ ಬಿಳಿಚು ಬಣ್ಣವನ್ನು ನಾನು ಕಂಡದ್ದು ಅದೇ ಮೊದಲು.

"ನಿನ್ನ ಬಾವನಿಗೆ ಬೆಳಿಗ್ಗೆ ಕೊಟ್ಟೆ," ಎಂದರು. "ಅವನದೂ ಇಂಥದ್ದೇ ಕೋವಿ. ಹೋಗುವ. ಕರೆದುಕೊಂಡು ಹೋಗು ನನ್ನನ್ನು."

ಅಕ್ಕ ಬಾಗಿಲಿಗೆ ಬಂದಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಬಾಗಿಲ ದಾರಂದ ಹಿಡಿದು ನಿಂತಳು. ಆ ನೋಟವನ್ನು ತಪ್ಪಿಸಲು ನಾನು ಕೋವಿಯತ್ತ ಬಗ್ಗಿದೆ. ಮೂತಿಯಿಂದ ಕೋಲು ಹಾಕಿ ಸಿಕ್ಕಿಕೊಂಡ ಗುಂಡನ್ನು ಹಿಂದಕ್ಕೆ ನೂಕಿ ತೆಗೆದೆ. ಹಂದಿ ಇರುವ ಗುಡ್ಡೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲವೆಂದು ಬಂಟ್ವಾಳದ ಗೀರಿನ ತೋಟೆಯೊಂದನ್ನು ತುಂಬಿದೆ.

ಗುಡ್ಡೆಯ ದಾರಿಯಲ್ಲಿ ಮಾವನ ಕೈ ನನ್ನ ಹೆಗಲ ಮೇಲೆ. ಕಾಲುಗಳಿಗೆ ಆ ನೆಲದ ನೆನಪು ಇತ್ತು, ಎಡವಿದವನು ನಾನೇ. ದೂರದಲ್ಲಿ ನಾಯಿಗಳು ಬೊಗಳುತ್ತಿದ್ದವು. ಪೊದೆ ಬಡಿದು ಹಂದಿ ಎಬ್ಬಿಸುವವರ ಕೂಗು ಒಂದು ಬದಿಯಿಂದ ಏರಿ ಬರುತ್ತಿತ್ತು. ಹಾಗೆಂದರೆ ಕೋವಿಯವರೆಲ್ಲ ಇನ್ನೊಂದು ಬದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಬಾವನೂ ನಿಂತಿದ್ದಾರೆ, ಬೆರಳು ಕೋವಿಯ ಕುದುರೆಯ ಮೇಲೆ ಉಂಟು. ನನಗೆ ಮೂಡುಬಿದಿರೆಯ ಆ ಕೈ ಕಣ್ಣಮುಂದಿನಿಂದ ಹೋಗಲೇ ಇಲ್ಲ. ಆ ಕೈಯ ಜಾಗದಲ್ಲಿ ಬಾವನ ಕೈ ಕಾಣುತ್ತಿತ್ತು.

ಮಾವ ಬಾವನನ್ನು ಕೂಗತೊಡಗಿದರು. "ಕಕ್ಕಿಂಜೆಯವನೇ, ಹೊಡೆಯಬೇಡ. ಹೊಡೆಯಬೇಡ ಮಾರಾಯ."

ಬೇಟೆಯಲ್ಲಿ ಕಾದು ನಿಂತ ಕಡೆ ಕೆಮ್ಮಿದವನನ್ನು ಮನೆಗೆ ಅಟ್ಟಿದ ಮನುಷ್ಯ ಅವರು. ಈಗ ಅವರೇ ಕೂಗಿ ಬೇಟೆ ಕೆಡಿಸುತ್ತಿದ್ದರು. ಎಬ್ಬಿಸುವವರ ಗದ್ದಲ ಅಡಗಿತು. ಮುದುಕರಿಗೆ ಬುದ್ಧಿ ಕೆಟ್ಟಿತೆಂದು ಕೆಲವರು ಎಣಿಸಿದ್ದನ್ನು ಆಮೇಲೆ ಕೇಳಿದೆ. ಆದರೆ ನಾಯಿಗಳಿಗೆ ಅದೆಲ್ಲ ಗೊತ್ತಿಲ್ಲವಲ್ಲ. ಅವು ಮೇಲಿನ ಮುಳ್ಳುಪೊದೆಯ ಸುತ್ತ ಒಂದೇ ಸಮ ಬೊಗಳುತ್ತಿದ್ದವು.

ಆಗ ಈಡು ಕೇಳಿಸಿತು.

ಬಾವ ನಿಲ್ಲುವ ಬಂಡೆಯ ಕಡೆಯಿಂದಲೇ. ಒಂದೇ ಈಡು. ಸದ್ದು ಘಾಟಿಗೆ ಹೋಗಿ ತಿರುಗಿ ಬಂತು. ನಳಿಗೆ ಒಡೆದರೆ ಸದ್ದು ಹೇಗಿರುತ್ತದೆಂದು ಮೂಡುಬಿದಿರೆಯಲ್ಲಿ ಕೇಳದೆ ಬಂದದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಮಾವನ ಬೆರಳುಗಳು ನನ್ನ ಹೆಗಲಿನ ಮಾಂಸಕ್ಕೆ ನಾಟಿದವು.

"ನೋಡು," ಎಂದರು. "ನಿನಗೆ ಕಣ್ಣುಂಟು. ಹೋಗಿ ನೋಡು."

ನಾನು ಹೋಗಲಿಲ್ಲ. ಬಂಡೆಯ ಹಿಂದೆ ಏನು ಕಾಣಬೇಕಾಗುವುದೋ ಎಂಬ ಹೆದರಿಕೆ ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು. ಅಷ್ಟರಲ್ಲಿ ಎದುರಿನ ಪೊದೆ ಸೀಳಿಕೊಂಡು ಹಂದಿ ಬಂತು. ಅದರ ಬೆನ್ನಿನ ಕೂದಲು ನೆಟ್ಟಗೆ ನಿಂತದ್ದು, ಮೂತಿಯ ಪಕ್ಕದ ಹಳದಿ ದಾಡೆ, ಅದರ ಮೈಯ ಕೆಸರಿನ ವಾಸನೆ, ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ನನ್ನ ಕೋವಿಯಲ್ಲಿ ಎರಡು ಊರು ಸುತ್ತಿ ತಂದ ಗುಂಡು ಇತ್ತು. ಆ ಕೋವಿಗೆ ಅದಕ್ಕಿಂತ ಸರಿಯಾದ ಗುಂಡು ಇಲ್ಲ. ನಾನು ಕೋವಿ ಎತ್ತಲೇ ಇಲ್ಲ. ಮಾವನನ್ನು ಹಿಂದಕ್ಕೆ ತಳ್ಳಿ ಅವರ ಮುಂದೆ ಸುಮ್ಮನೆ ನಿಂತೆ, ಅಷ್ಟೇ. ಹಂದಿ ನಮ್ಮನ್ನು ಸವರಿಕೊಂಡು ಹಳ್ಳದ ಕಡೆ ಇಳಿದು ಹೋಯಿತು.

ಆಮೇಲೆ ಬಂಡೆಯ ಹಿಂದಿನಿಂದ ಬಾವ ನಡೆದು ಬಂದರು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡಿದೆ. ಬಲಗೈಯಲ್ಲಿ ಕೋವಿ. ಎಡಗೈ ಬೀಸಿಕೊಂಡು ಬರುತ್ತಿದ್ದರು. ಕೈ ಇಡಿಯಾಗಿತ್ತು.

"ಎಂತ ಮಾವ ಇದು? ನಾಯಿಗಳ ಗಲಾಟೆಯಲ್ಲಿ ಮಾತು ತಿಳಿಯಲಿಲ್ಲ, ನೀವು ಕೂಗಿದ್ದಕ್ಕೆ ಗುರಿ ತಪ್ಪಿತು," ಎಂದರು ಬಾವ. ಅವರಿಗೆ ಸಿಟ್ಟೂ ಇತ್ತು, ಗಾಬರಿಯೂ ಇತ್ತು.

ಮಾವ ದನಿ ಬಂದ ಕಡೆ ಕೈ ಚಾಚಿದರು. ಬಾವನ ಎಡಗೈ ಸಿಕ್ಕಿತು. ಅದನ್ನು ಹಿಡಿದು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದಾಗಿ ಮುಟ್ಟಿ ನೋಡಿದರು. ಬಲಗೈಯನ್ನೂ ಹಾಗೆಯೇ. ಬಾವ ಏನೂ ತಿಳಿಯದೆ ನನ್ನತ್ತ ನೋಡಿದರು. ನನಗೆ ಅಳು ಬಂದಿತ್ತು.

"ಈಗ ಹೊಡೆದದ್ದು ಯಾವ ಗುಂಡು?" ಎಂದರು ಮಾವ.

ಬಾವ ಕೋವಿ ಮಡಚಿ ಖಾಲಿ ತೋಟೆ ತೆಗೆದರು.

"ನಾನು ಬೆಳಿಗ್ಗೆ ಕೊಟ್ಟದ್ದಾ?"

"ಅಲ್ಲ ಮಾವ. ಬಂಟ್ವಾಳದ್ದು. ಗೀರಿನದ್ದು."

"ಮತ್ತೆ ನಾನು ಕೊಟ್ಟದ್ದು?"

ಬಾವ ಸೊಂಟದ ಎಲೆ ಅಡಿಕೆಯ ಚೀಲ ಬಿಚ್ಚಿದರು. ಮಾವನ ಅಂಗೈಯಲ್ಲಿ ಗುಂಡುಗಳನ್ನು ಇಟ್ಟರು. ಆ ದಿನದ್ದರಲ್ಲಿ ಕುಂಕುಮ ಹಸಿಯಾಗಿತ್ತು. ಉಳಿದವು ಹಿಂದಿನ ಕೆಡ್ಡಸಗಳದ್ದು, ಕುಂಕುಮ ಕಪ್ಪಾಗಿ ಸೀಸಕ್ಕೆ ಅಂಟಿತ್ತು. ಬಾವ ತೋಟೆ ಕೋವಿ ಕೊಂಡಂದಿನಿಂದ ಮಾವ ಕೊಟ್ಟ ಒಂದನ್ನೂ ಹೊಡೆದಿರಲಿಲ್ಲ. ಪ್ರತಿ ಸಲ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುವುದು, ಚೀಲಕ್ಕೆ ಹಾಕುವುದು, ಅಂಗಡಿಯದ್ದನ್ನು ಹೊಡೆಯುವುದು. ಒಮ್ಮೆ ಬಾವನ ಈಡಿಗೆ ಕಡವೆ ಬಿದ್ದಾಗ ಮಾವ ಊರಿಗೆಲ್ಲ ಮನೆಯ ಗುಂಡಿನ ಮಹಿಮೆ ಹೇಳಿದ್ದರು. ಬಾವ ಹೌದೆಂದು ತಲೆ ಆಡಿಸಿದ್ದರು.

"ಆಗುವುದಿಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತು."

"ನಳಿಗೆಗೆ ಹಾಕಿ ನೋಡಿದ್ದೆ. ಬೀಳಲಿಲ್ಲ."

"ಯಾಕೆ ಹೇಳಲಿಲ್ಲ?"

ಬಾವ ಕೋವಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಸುತ್ತ ಊರವರು ಬಂದು ಸೇರಿದ್ದರು.

"ನಿಮ್ಮ ಹತ್ತಿರ ಹೇಳಲು ಹೆದರಿಕೆ ಮಾವ."

"ಹಂದಿಗಿಂತಲೂ?"

"ಹಂದಿಗಿಂತಲೂ."

ಮಾವ ಆ ಗುಂಡುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಬೈಯಲಿಲ್ಲ. ನನ್ನ ಹೆಗಲನ್ನು ಹುಡುಕಿ ಕೈಯಿಟ್ಟು, "ಮನೆಗೆ ಹೋಗುವ," ಎಂದರು. ಇಳಿಯುವಾಗ ಅವರ ಕಾಲು ಎಡವುತ್ತಿತ್ತು, ಹತ್ತುವಾಗ ಒಮ್ಮೆಯೂ ಎಡವದ ಕಾಲು. ಹಳ್ಳದ ಹತ್ತಿರ ಅವರು ನಿಂತರು. ಅಕ್ಕ ದಾರಿಯ ತುದಿಯಲ್ಲಿ ನಿಂತು ನಮ್ಮ ಕಡೆಗೇ ನೋಡುತ್ತಿದ್ದಳು. ಏನೂ ಆಗಿಲ್ಲವೆಂದು ಅವಳಿಗೆ ನಾನು ಕೈ ಬೀಸಿ ತಿಳಿಸಿದೆ.

"ನೀನೂ ನನಗೆ ಹಾಗೆ ಹೆದರುತ್ತೀಯಾ?" ಎಂದು ಮಾವ ಮೆಲ್ಲನೆ ಕೇಳಿದರು.

"ಇಲ್ಲ ಮಾವ," ಎಂದೆ.

ಬೇರೆ ಏನು ಹೇಳಲೂ ನನಗೆ ಧೈರ್ಯ ಇರಲಿಲ್ಲ. ಅವರ ಕೈ ಹೆಗಲ ಮೇಲೆಯೇ ಇತ್ತು, ಹೆಗಲು ನಡುಗುತ್ತಿತ್ತು. ಅವರು ಆ ಕೈಯನ್ನು ತೆಗೆದರು. ಉಳಿದ ದಾರಿಯನ್ನು ನನ್ನ ಮುಂದೆ, ಗಾಳಿಯನ್ನು ತಡವುತ್ತ, ಒಬ್ಬರೇ ನಡೆದರು.